ಆಮೇಲೆ ಟೀಚರ್ ಗಡೀಪಾರಾದದ್ದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನ ತಂಗಿ ನನ್ನ ಕಣ್ಣೆದುರಿಗೇ ಮಾಡಿ ತೋರಿಸಿದಳು. ನನ್ನ ಹೊಲಿಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನನ್ನ ಹೂಕುಂಡಗಳನ್ನು ಒಂದೊಂದಾಗಿ ಹಳೇ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯುತ್ತಿದ್ದಳು. ಗಿಡ ಒಣಗಿ ಹೋದ ಖಾಲಿ ಕುಂಡಗಳೇ, ಒಪ್ಪಿದೆ. ಆದರೂ ನನ್ನ ಕುಂಡಗಳು.

"ಏನೇ ಇದು? ತಲೆ ನೆಟ್ಟಗಿದೆ ತಾನೇ?" ಎಂದೆ.

"ಚೂರು ಬೇಕು ಅಕ್ಕ. ಅಂಗೈಯಷ್ಟು ಅಗಲದ್ದು. ಮಕ್ಕಳು ಅದರ ಮೇಲೆ ಬರೀಬೇಕು."

"ಯಾಕೆ, ಶಾಲೇಲಿ ಕಾಗದಕ್ಕೆ ಬರ ಬಂತಾ?"

"ಅಥೆನ್ಸ್‌ನಲ್ಲಿ ಇದರ ಮೇಲೇ ಬರೀತಿದ್ರು."

ಅಥೆನ್ಸ್! ನಮ್ಮ ಮನೆಯಲ್ಲಿ ಯಾವ ಜಗಳ ಶುರುವಾದರೂ ಕೊನೆಗೆ ಹೋಗಿ ನಿಲ್ಲುವುದು ಆ ಊರಲ್ಲೇ. ಅವಳಾಗಲಿ ನಾನಾಗಲಿ ಆ ಊರನ್ನು ಕಂಡವರಲ್ಲ. ಆದರೆ ಅಲ್ಲಿಯವರು ಎರಡು ಸಾವಿರ ವರ್ಷಕ್ಕೂ ಹಿಂದೆ ಬೆಳಗ್ಗೆ ಎದ್ದು ಏನು ತಿನ್ನುತ್ತಿದ್ದರು ಎಂಬುದು ನನಗೆ ಗೊತ್ತು. ನೀರು ಬೆರೆಸದ ದ್ರಾಕ್ಷಾರಸದಲ್ಲಿ ಅದ್ದಿದ ರೊಟ್ಟಿ. ನನ್ನ ಪಕ್ಕದ ಅಂಗಡಿಯವರು ಬೆಳಗ್ಗೆ ಏನು ತಿನ್ನುತ್ತಾರೋ ಕೇಳಬೇಡಿ, ಗೊತ್ತಿಲ್ಲ.

ನನ್ನ ತಂಗಿ ಮಾಧ್ಯಮಿಕ ಶಾಲೆಯಲ್ಲಿ ಸಾಹಿತ್ಯ ಹೇಳಿಕೊಡುತ್ತಾಳೆ. ಐವತ್ತು ದಾಟಿದೆ, ಮದುವೆಯ ಗೊಡವೆಗೆ ಹೋಗಲಿಲ್ಲ, ನನ್ನ ಅಂಗಡಿಯ ಮೇಲಿನ ಕೋಣೆಗಳಲ್ಲಿ ನಾವಿಬ್ಬರೂ ಇದ್ದೇವೆ. ಮಕ್ಕಳು ಅವಳನ್ನು ಕರೆಯುವುದು ಆಮೇಲೆ ಟೀಚರ್ ಅಂತ. ಎದುರಿಗೇ ಕರೆಯುತ್ತಾರೆ, ಇವಳೂ ಹಲ್ಲು ಬಿಟ್ಟುಕೊಂಡು "ಏನು?" ಅನ್ನುತ್ತಾಳೆ. ಹೆಸರು ಬಂದದ್ದು ಅವಳ ಪಾಠದ ರೀತಿಯಿಂದ. ಕಥೆಯನ್ನು ಗಟ್ಟಿಯಾಗಿ ಓದುತ್ತಾ ಓದುತ್ತಾ ಸರಿಯಾಗಿ ಉಸಿರು ಬಿಗಿಹಿಡಿಯುವ ಜಾಗದಲ್ಲಿ ಪುಸ್ತಕ ಮುಚ್ಚಿಬಿಡುತ್ತಾಳೆ. ಇಡೀ ಕ್ಲಾಸು "ಆಮೇಲೆ?" ಎಂದು ಕಿರುಚುತ್ತದೆ.

ಆ ಮಾತು ಮೊದಲು ಅವಳದ್ದೇ. ನಮ್ಮಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ದಿನವೆಲ್ಲ ಹಬೆಯಲ್ಲಿ ನಿಂತು ಬಂದವಳು, ಪಾಪ, ಕಥೆ ಹೇಳಲು ಶುರು ಮಾಡುತ್ತಿದ್ದಳು; ರಾಜಕುಮಾರಿ ಬಾವಿಗೆ ಬೀಳುವಷ್ಟರಲ್ಲಿ ಅಮ್ಮನಿಗೇ ನಿದ್ದೆ ಹತ್ತಿರುತ್ತಿತ್ತು. ಚಿಕ್ಕದು ಅಮ್ಮನ ರೆಪ್ಪೆಯನ್ನು ಬೆರಳಿಂದ ಎತ್ತಿ "ಆಮೇಲೆ? ಅಮ್ಮಾ, ಆಮೇಲೆ?" ಎಂದು ಕಾಡುತ್ತಿತ್ತು. ಅಮ್ಮ ಏಳದಿದ್ದರೆ ನನ್ನ ಸರದಿ.

"ಅಕ್ಕಾ, ರಾಜಕುಮಾರಿ ಬಾವಿಯಿಂದ ಹೊರಗೆ ಬಂದಳಾ?"

"ಇಲ್ಲ, ಮುಳುಗಿ ಸತ್ತಳು. ಮಲಕ್ಕೋ."

ಬೆಳಗ್ಗೆ ಹಲ್ಲುಜ್ಜುವಾಗ ನೋಡಿದರೆ ಬಾಯಿ ತುಂಬ ನೊರೆ ಇಟ್ಟುಕೊಂಡೇ ರಾಜಕುಮಾರಿಯನ್ನು ಬಾವಿಯಿಂದ ಎತ್ತಿರುತ್ತಿದ್ದಳು. ಅಮ್ಮ ಹೋದ ಮೇಲೆ ಅವಳ ಬಾಯಲ್ಲಿ ಆ "ಆಮೇಲೆ" ನಾನು ಕೇಳಿಲ್ಲ. ಈಗ ಕೇಳುವವರು ಮಕ್ಕಳು, ನಿಲ್ಲಿಸುವವಳು ಇವಳು.

ಗ್ರೀಕರ ಹುಚ್ಚು ಹಿಡಿದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಶಾಲೆಯ ಗ್ರಂಥಾಲಯದ ಧೂಳು ಹೊಡೆಯಲು ಹಾಕಿದ್ದರು, ಅಲ್ಲಿ ಹಳೇ ಮಡಕೆಗಳ ಚಿತ್ರದ ಪುಸ್ತಕವೊಂದು ಸಿಕ್ಕಿತು. ಆ ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, "ಅಕ್ಕಾ, ಒಂದು ಮಡಕೆ ಮೇಲೆ ಒಬ್ಬ ಹುಡುಗ ಬಗ್ಗಿ ಚಪ್ಪಲಿ ದಾರ ಕಟ್ಟಿಕೊಳ್ತಿದಾನೆ. ಅಷ್ಟು ಹಿಂದೆ! ಅವನು ಎಲ್ಲಿಗೆ ಹೊರಟಿದ್ದ ಅಂತೀಯಾ?" ಎಂದಳು. ನಾನು "ಅಂಗಡಿಗೆ" ಅಂದೆ. ಅವಳು ನಗಲಿಲ್ಲ. ಆ ಹುಡುಗ ಎಲ್ಲಿಗೆ ಹೊರಟಿದ್ದ ಎಂದು ತಿಳಿಯಲು ಅವಳು ಓದಲು ಕೂತವಳು ಇನ್ನೂ ಎದ್ದಿಲ್ಲ.

ಪಠ್ಯಪುಸ್ತಕದಲ್ಲೂ ಗ್ರೀಕ್ ಪುರಾಣ ಇದೆಯಂತೆ, ಒಂದು ಪುಟ. ಕೆಳಗೆ ಪ್ರಶ್ನೆ: ಯಾರು, ಯಾರಿಗೆ, ಯಾವಾಗ ಹೇಳಿದರು? ಮಕ್ಕಳು ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕಿ ಕೈತೊಳೆದುಕೊಳ್ಳುತ್ತಾರೆ. ಇವಳು ಅದನ್ನು ಬದಿಗಿಟ್ಟು ಕಾದಂಬರಿ ಹಿಡಿದಳು. ಹಳೇ ಪುರಾಣದ ಎಳೆ ಹಿಡಿದು ಈಗಿನವರು ಮಕ್ಕಳಿಗಾಗಿ ಬರೆದವು. ನಾನೊಮ್ಮೆ ಕೇಳಿದೆ, ಮೂಲ ಬಿಟ್ಟು ಈ ಕಟ್ಟುಕಥೆ ಯಾಕೆ ಅಂತ. "ಪುರಾಣ ಏನಾಯ್ತು ಅಂತ ಹೇಳುತ್ತೆ ಅಕ್ಕ. ಪಕ್ಕದಲ್ಲಿ ನಿಂತು ನೋಡ್ತಿದ್ದ ಕೆಲಸದವಳಿಗೆ ಏನನ್ನಿಸ್ತು ಅಂತ ಹೇಳಲ್ಲ. ಕಾದಂಬರಿ ಅದನ್ನ ಹೇಳುತ್ತೆ. ಆಗ ಮಕ್ಕಳು ಕೇಳ್ತಾರೆ, ಅವಳು ಏನು ಉಟ್ಟಿದ್ದಳು, ಎಲ್ಲಿ ಮಲಗ್ತಿದ್ದಳು, ಯಜಮಾನ ಹೊಡೆದ್ರೆ ಯಾರಿಗೆ ದೂರು ಕೊಡ್ತಿದ್ದಳು ಅಂತ. ಅಲ್ಲಿಂದ ಗ್ರೀಸಿಗೆ ಒಂದೇ ಹೆಜ್ಜೆ."

ಈ ವರ್ಷದ ಕಾದಂಬರಿ ನಾನೂ ಅರ್ಧ ಕೇಳಿದ್ದೇನೆ, ಅವಳು ಮನೆಯಲ್ಲಿ ಓದಿ ಅಭ್ಯಾಸ ಮಾಡುತ್ತಾಳೆ. ಪಾತಾಳದ ಬಾಗಿಲಲ್ಲಿ ಮೂರು ತಲೆಯ ನಾಯಿ ಇದೆಯಲ್ಲ, ಅದಕ್ಕೆ ಊಟ ಹಾಕುವ ಹುಡುಗಿಯ ಕಥೆ. ಯಾವ ಬಾಯಿಗೆ ಮೊದಲು ಹಾಕಬೇಕು ಎಂಬುದೇ ಅವಳ ದಿನದ ತಲೆನೋವು. ಒಂದಕ್ಕೆ ಮೊದಲು ಹಾಕಿದರೆ ಉಳಿದೆರಡು ಗುರ್ ಅನ್ನುತ್ತವೆ. ಒಂದು ದಿನ ಪಾತಾಳದ ರಾಜ ಬೆಳೆಯ ದೇವತೆಯ ಮಗಳು ಪರ್ಸೆಫೊನಿಯನ್ನು ಹೊತ್ತು ತರುತ್ತಾನೆ. ಮೇಲೆ ತಾಯಿ ಹುಡುಕುತ್ತಿದ್ದಾಳೆ, ಹೊಲಗಳೆಲ್ಲ ಬರಡಾಗಿವೆ. ಕೆಳಗೆ ಒಂದು ನಿಯಮ: ಪಾತಾಳದಲ್ಲಿ ಏನನ್ನಾದರೂ ತಿಂದವರು ಮತ್ತೆ ಮೇಲೆ ಹೋಗುವಂತಿಲ್ಲ. ರಾಜ ತಟ್ಟೆಯಲ್ಲಿ ದಾಳಿಂಬೆ ಇಟ್ಟು ಹೋಗುತ್ತಾನೆ. ಪರ್ಸೆಫೊನಿಗೆ ಹಸಿವು. ನಾಯಿ ಹುಡುಗಿ ಬಕೆಟ್ ಹಿಡಿದು ನೋಡುತ್ತಾ ನಿಂತಿದ್ದಾಳೆ. ತಿನ್ನಬೇಡ ಎಂದು ಹೇಳಿದರೆ ರಾಜದ್ರೋಹ. ಮೇಲಾಗಿ, ಪರ್ಸೆಫೊನಿ ಹೊರಟುಹೋದರೆ ಆ ಕತ್ತಲಲ್ಲಿ ಮಾತಾಡಲು ಇವಳಿಗೆ ಮತ್ತೆ ಯಾರೂ ಇಲ್ಲ. ಹೇಳುತ್ತಾಳಾ, ಇಲ್ಲವಾ?

ಅಲ್ಲಿ ನನ್ನ ತಂಗಿ ಪುಸ್ತಕ ಮುಚ್ಚಿದಳು. ಇಡೀ ಊರಿಗೆ ಒಂದೇ ಪ್ರತಿ, ಅದು ಇವಳ ಚೀಲದಲ್ಲಿ. ಮಕ್ಕಳು ಒಂದು ವಾರ ಕುದಿಯುತ್ತಾ ಓಡಾಡಿದರು.

ಆ ವಾರವೇ ತೊಂದರೆ ತಗಲಿಕೊಂಡಿತು ನೋಡಿ. ಗ್ರೀಕರಲ್ಲಿ ಬಾಗಿಲಿಗೆ ಬಂದ ಅಪರಿಚಿತನಿಗೆ ಮೊದಲು ಕೂರಲು ಕೊಟ್ಟು, ಕೈಗೆ ನೀರು ಕೊಟ್ಟು, ಹೊಟ್ಟೆ ತುಂಬಿಸಿ, ಆಮೇಲಷ್ಟೇ ಹೆಸರು ಕೇಳಬೇಕು ಎಂಬ ನಿಯಮವಿತ್ತಂತೆ. ಬಂದವನು ವೇಷ ಮರೆಸಿಕೊಂಡ ದೇವರಾಗಿದ್ದರೆ ಏನು ಗತಿ? ಇವಳು ಅದನ್ನು ಕ್ಲಾಸಿನಲ್ಲಿ ಹೇಳಿದಳು. ಒಬ್ಬ ಹುಡುಗಿ ಅದನ್ನು ಮನೆಯಲ್ಲಿ ಮಾಡಿಯೇಬಿಟ್ಟಳು. ಅವಳನ್ನು ಎಲ್ಲರೂ ಲಾಯರ್ ಅನ್ನುತ್ತಾರೆ, ಗಡಿಯಾರದ ಮುಳ್ಳಿನ ಜೊತೆಗೂ ವಾದ ಹೂಡುವ ಹೆಣ್ಣು. ಕಸ ಹೀರುವ ಯಂತ್ರ ಮಾರುವವನೊಬ್ಬ ಬಾಗಿಲು ತಟ್ಟಿದಾಗ ಒಳಗೆ ಕರೆದು, ಅಪ್ಪನ ಕುರ್ಚಿಯಲ್ಲಿ ಕೂರಿಸಿ, ಅಪ್ಪನಿಗೆಂದು ಮುಚ್ಚಿಟ್ಟಿದ್ದ ಊಟ ಬಡಿಸಿ, ತಟ್ಟೆ ಖಾಲಿಯಾದ ಮೇಲೆ ಗಂಭೀರವಾಗಿ "ಈಗ ಹೇಳಿ, ನೀವು ಯಾರು?" ಎಂದಳಂತೆ. ಅಷ್ಟೊತ್ತಿಗೆ ಅಪ್ಪ ಬಂದ. ಮಾರನೇ ದಿನ ಅಪ್ಪ ಶಾಲೆಗೆ ಬಂದ.

ಹೆಡ್‌ಮಾಸ್ಟರು ಗಣಿತದವರು. ಕೆಟ್ಟವರೇನಲ್ಲ, ಆದರೆ ಎಲ್ಲವೂ ಸಮನಾಗಿ ಭಾಗವಾಗಬೇಕು, ಶೇಷ ಉಳಿದರೆ ಅವರಿಗೆ ಸಂಕಟ. ನನ್ನ ತಂಗಿಯನ್ನು ಕರೆದು, "ಗ್ರೀಕರಿಗೇ ಆ ದೇವರುಗಳು ಬೇಡವಾಗಿ ಎಷ್ಟೋ ಕಾಲವಾಯ್ತು. ನಮ್ಮ ಮಕ್ಕಳಿಗೆ ಯಾಕೆ ಬೇಕು? ಗಣಿತದಲ್ಲಿ ಅರ್ಧ ಕ್ಲಾಸು ಕುಂಟ್ತಿದೆ," ಎಂದರು. ಶುಕ್ರವಾರ ತಾವೇ ಬಂದು ಕೂರುವುದು, ಕಾದಂಬರಿ ಪೀರಿಯಡ್‌ನಿಂದ ಏನಾದರೂ ಉಪಯೋಗ ಕಂಡರೆ ಸರಿ, ಇಲ್ಲದಿದ್ದರೆ ಮುಂದಿನ ವಾರದಿಂದ ಆ ಹೊತ್ತು ಗಣಿತಕ್ಕೆ ಎಂದು ತೀರ್ಮಾನವಾಯಿತು. ಇವಳಿಗೆ ಉಳಿಯುವುದು ಕೆಳಗಿನ ತರಗತಿಗಳ ಉಕ್ತಲೇಖನ.

ಆ ದಿನ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. "ಅದೊಂದು ಹೋದ್ರೆ ನಾನು ಹಾಜರಿ ಕೂಗೋ ಯಂತ್ರ ಅಷ್ಟೇ ಅಕ್ಕ," ಎಂದಳು. ನನಗೆ ಸಂಕಟವಾದರೆ ಕೋಪವಾಗಿಯೇ ಹೊರಗೆ ಬರುವುದು.

"ಹಾಗಾದ್ರೆ ಶುಕ್ರವಾರ ಒಂದು ದಿನ ಒಳ್ಳೇ ಹುಡುಗಿ ಥರ ಪಾಠ ಮಾಡೇ! ಪ್ರಶ್ನೆ ಕೇಳು, ಉತ್ತರ ಹೇಳಿಸು, ಬೋರ್ಡ್ ಮೇಲೆ ಬರಿ, ಮುಗೀತು. ಈ ಚೂರು ಪಾರು ಎಲ್ಲ ಯಾಕೆ ಬೇಕು ಅವತ್ತೇ?"

"ಅವರು ನೋಡೋಕೆ ಬರ್ತಿರೋದು ನನ್ನ ಕ್ಲಾಸನ್ನ. ಬೇರೆಯವರ ಥರ ಮಾಡಿ ತೋರಿಸಿದ್ರೆ, ಉಳಿಯೋದೂ ಬೇರೆಯವರ ಕ್ಲಾಸೇ."

ಇವಳ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ಗುಂಡಿ ಹೊಲಿಯುವುದೂ ಒಂದೇ. ಅಷ್ಟೇ ಅಲ್ಲ, ನನ್ನನ್ನೂ ಎಳೆದಳು. ಮಕ್ಕಳಿಗೆ ಗ್ರೀಕರ ಉಡುಪು ಹಾಕಬೇಕು, ನೀನೇ ಬಾ ಅಂದಳು. ಅಳತೆ ಟೇಪು ತೆಗೆದೆ. "ಅಳತೆ ಬೇಡ, ಅವರು ಹೊಲೀತಾನೇ ಇರಲಿಲ್ಲ," ಎಂದಳು. ಚೌಕದ ಬಟ್ಟೆ, ಮೇಲ್ಗಡೆ ಒಂದು ಮಡಿಕೆ, ಎರಡು ಭುಜದ ಮೇಲೆ ಎರಡು ಪಿನ್ನು, ನಡುವಿಗೊಂದು ದಾರ. ಇಷ್ಟೇ! ತೋಳಿಲ್ಲ, ಕತ್ತಿಲ್ಲ, ಅಂಚಿಗೆ ಮಡಿಚು ಹೊಲಿಗೆ ಕೂಡ ಇಲ್ಲ. ಅಂಥ ದೊಡ್ಡ ನಾಗರಿಕತೆಯಂತೆ, ಒಬ್ಬ ದರ್ಜಿಗೆ ಅನ್ನ ಹುಟ್ಟದ ನಾಗರಿಕತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಬಿಳಿ ಬಟ್ಟೆ ಕತ್ತರಿಸಿ ಒಯ್ದೆ. ಕತ್ತರಿಸುವಾಗ ಒಂದನ್ನು ನನ್ನ ಮೈಮೇಲೇ ಹಾಕಿ ಕನ್ನಡಿಯಲ್ಲಿ ನೋಡಿಕೊಂಡೆ ಎನ್ನುವುದು ಬೇರೆ ಮಾತು. ನೆರಿಗೆ ಎಷ್ಟು ಚೆನ್ನಾಗಿ ಬೀಳುತ್ತದೆ ಗೊತ್ತೇ?

ಶುಕ್ರವಾರ. ಬೆಂಚುಗಳನ್ನು ಗೋಡೆಗೆ ಒತ್ತಿ ನಡುವೆ ಜಾಗ ಮಾಡಿದ್ದರು. ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತರು, ಮೊಣಕಾಲು ಡೆಸ್ಕಿಗೆ ತಗಲುತ್ತಿತ್ತು. ನಾನು ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಒಬ್ಬೊಬ್ಬರಿಗೆ ಬಟ್ಟೆ ಸಿಕ್ಕಿಸುತ್ತಿದ್ದೆ. ನನ್ನ ತಂಗಿ ಕುಂಡದ ಚೂರುಗಳ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅಥೆನ್ಸ್‌ನ ಜನ ಒಬ್ಬ ಸರ್ವಾಧಿಕಾರಿಯನ್ನ ಓಡಿಸಿದ್ರು. ಮತ್ತೆ ಯಾರಾದ್ರೂ ಅಂಥವನಾಗಿಬಿಟ್ರೆ ಅಂತ ಭಯ ಇತ್ತು. ಅದಕ್ಕೇ ಒಂದು ದಾರಿ ಮಾಡಿಕೊಂಡ್ರು. ಎಲ್ಲರೂ ಒಂದೊಂದು ಚೂರಿನ ಮೇಲೆ ಒಂದು ಹೆಸರು ಬರೀಬೇಕು. ತಪ್ಪು ಮಾಡಿದವರ ಹೆಸರಲ್ಲ. ಯಾರು ತುಂಬಾ ದೊಡ್ಡವರಾಗಿಬಿಟ್ರು, ಯಾರ ಕೈಲೇ ಎಲ್ಲಾ ಇದೆ ಅನ್ನಿಸುತ್ತೋ ಅವರ ಹೆಸರು. ಜಾಸ್ತಿ ಹೆಸರು ಬಂದವರು ಹತ್ತು ವರ್ಷ ಗಡೀಪಾರು. ಆಸ್ತಿ ಹೋಗಲ್ಲ, ಮರ್ಯಾದೆ ಹೋಗಲ್ಲ."

ನಮಗೆ ಹತ್ತು ವರ್ಷ ಬೇಡ, ಗಂಟೆ ಹೊಡೆಯುವವರೆಗೆ ವರಾಂಡ ಸಾಕು ಎಂದಳು. ಗಡೀಪಾರಾದವರಿಗೆ ಕುರ್ಚಿ ಕೊಡಬೇಕು, ನೀರು ಕೊಡಬೇಕು. ಅವರು ಹೊಸ್ತಿಲು ದಾಟುವಂತಿಲ್ಲ, ಇವತ್ತು ಶಾಲೆ ಬಿಡುವವರೆಗೆ ಬಾಯಿ ಬಿಡುವಂತಿಲ್ಲ. ಒಳಗೆ ಏನಾಯಿತೆಂದು ಮುಂದಿನ ಕ್ಲಾಸಿನವರೆಗೆ ಯಾರೂ ಅವರಿಗೆ ಹೇಳುವಂತಿಲ್ಲ.

"ಯಾರ ಹೆಸರು ಬೇಕಾದ್ರೂ ಬರೀಬಹುದಾ ಟೀಚರ್?" ಲಾಯರ್ ಕೇಳಿದಳು.

"ಯಾರದ್ದು ಬೇಕಾದ್ರೂ."

ಅಲ್ಲೇ ಎಡವಿದಳು ನನ್ನ ತಂಗಿ. ಲಾಯರಳ ಬಾಯಿಗೆ ಬೀಗ ಹಾಕಲು ಕ್ಲಾಸು ಕಾಯುತ್ತಿದೆ, ಅವಳೇ ಹೋಗುತ್ತಾಳೆ, ಆಗ ಅನ್ಯಾಯ ಅಂದರೇನು ಎಂದು ಚರ್ಚೆ ಮಾಡಿಸಬಹುದು ಎಂದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತನ್ನನ್ನು ಹಿಡಿದಿರಲಿಲ್ಲ.

ಕರಕರ ಬರೆಯುವ ಸದ್ದು. ಒಬ್ಬ ಹುಡುಗಿಯ ಬಲಗೈ ಮುರಿದು ಪ್ಲಾಸ್ಟರ್ ಹಾಕಿದ್ದರು, ಎಲ್ಲರೂ ಅವಳನ್ನು ಪ್ಲಾಸ್ಟರ್ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಅವಳು ಎಡಗೈಯಲ್ಲಿ ಚೂರು ಹಿಡಿದು ಮೇಜಿನ ಹತ್ತಿರ ಬಂದಳು.

"ಟೀಚರ್, ನಂಗೆ ಬರೆಯಕ್ಕಾಗಲ್ಲ. ಬರೆದುಕೊಡ್ತೀರಾ?"

"ಕೊಡಮ್ಮ. ಯಾರ ಹೆಸರು?"

"ನಿಮ್ಮದು."

ನಾನು ಪಕ್ಕದಲ್ಲೇ ಮಂಡಿಯೂರಿದ್ದೆ, ತಂಗಿಯ ಮುಖ ನೋಡಿದೆ. ಒಂದು ಕ್ಷಣ ಏನೂ ಇರಲಿಲ್ಲ ಆ ಮುಖದಲ್ಲಿ. "ನಾನೇನು ಮಾಡಿದೆ ನಿಂಗೆ?" ಎಂದು ಮೆಲ್ಲಗೆ ಕೇಳಿದಳು.

"ಏನೂ ಇಲ್ಲ ಟೀಚರ್. ನೀವಂದ್ರೆ ಇಷ್ಟ. ಆದ್ರೆ ಕೊನೆ ನಿಮಗೊಬ್ಬರಿಗೇ ಗೊತ್ತು."

ನನ್ನ ತಂಗಿ ಸೀಮೆಸುಣ್ಣ ತೆಗೆದುಕೊಂಡು ಚೂರಿನ ಮೇಲೆ "ಟೀಚರ್" ಎಂದು ಅಂದವಾಗಿ ಬರೆದು ಕೊಟ್ಟಳು. ಹೆಡ್‌ಮಾಸ್ಟರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಎಣಿಸಿದವಳು ಲಾಯರ್. ಒಂದೊಂದೇ ಚೂರೆತ್ತಿ ಗಟ್ಟಿಯಾಗಿ ಓದಿದಳು. "ಟೀಚರ್. ಟೀಚರ್. ಲಾಯರ್, ಇದು ಯಾರು ಬರೆದಿದ್ದು ಅಂತ ಗೊತ್ತು ನಂಗೆ. ಟೀಚರ್. ಟೀಚರ್. ಗಣಿತ."

ಹೆಡ್‌ಮಾಸ್ಟರು ಕೆಮ್ಮಿದರು.

"ಗಣಿತ ಮನುಷ್ಯ ಅಲ್ಲ, ಈ ಮತ ಅಸಿಂಧು," ಎಂದು ಲಾಯರ್ ಆ ಚೂರನ್ನು ಪಕ್ಕಕ್ಕಿಟ್ಟು ಮುಂದುವರಿಸಿದಳು. "ಟೀಚರ್. ಟೀಚರ್."

ಬುಟ್ಟಿ ಖಾಲಿಯಾಯಿತು. ನನ್ನ ತಂಗಿ ನಗಲು ನೋಡಿದಳು, ತುಟಿ ಮಾತು ಕೇಳಲಿಲ್ಲ. "ಕಾರಣ ಕೇಳಬಹುದಾ?" ಎಂದಳು.

"ಪುಸ್ತಕ ನಿಮ್ಮ ಹತ್ರ. ಕೊನೆ ನಿಮ್ಮ ಹತ್ರ. ಶುರು ಮಾಡೋದೂ ನೀವೇ, ನಿಲ್ಸೋದೂ ನೀವೇ," ಎಂದಳು ಲಾಯರ್. "ಒಬ್ಬರ ಕೈಲಿ ಇಷ್ಟೊಂದು ಇರಬಾರದು ಅಂತ ನೀವೇ ಹೇಳಿದ್ರಿ."

ಗುರುವಿಗೇ ತಿರುಮಂತ್ರ ಅಂದರೆ ಇದು! ನನಗೆ ನಗಬೇಕೋ ಆ ಮಕ್ಕಳ ಕಿವಿ ಹಿಂಡಬೇಕೋ ತಿಳಿಯಲಿಲ್ಲ. ಇವತ್ತೇ ಆಗಬೇಕಿತ್ತೇ ಇದು? ಇವಳ ಅನ್ನ ಇವಳು ಬೇಯಿಸಿಕೊಳ್ಳುವ ದಿನ, ಮಕ್ಕಳೇ ಒಲೆ ಆರಿಸಿಬಿಟ್ಟರಲ್ಲ. ನನ್ನ ತಂಗಿ ಚೀಲದಿಂದ ಕಾದಂಬರಿ ತೆಗೆದು ಲಾಯರಳ ಕೈಗೆ ಕೊಟ್ಟಳು. ಇಬ್ಬರು ಮಕ್ಕಳು ಕುರ್ಚಿ ಹೊತ್ತು ವರಾಂಡದಲ್ಲಿಟ್ಟರು, ಇನ್ನೊಬ್ಬ ನೀರಿನ ಲೋಟ ತಂದ. ಇವಳು ಹೊಸ್ತಿಲು ದಾಟಿ ನಡೆದಳು.

"ಏನಮ್ಮಾ ಇದು? ಕ್ಲಾಸ್ ಬಿಟ್ಟು ಎಲ್ಲಿ ಹೊರಟ್ರಿ?" ಹೆಡ್‌ಮಾಸ್ಟರು ಅರ್ಧ ಎದ್ದರು.

ಇವಳು ತುಟಿಯ ಮೇಲೆ ಬೆರಳಿಟ್ಟು ಕೂತುಬಿಟ್ಟಳು. ಮಾತಾಡುವಂತಿಲ್ಲ, ನಿಯಮ. ಅವರು ನನ್ನ ಕಡೆ ತಿರುಗಿದರು. "ಟೀಚರ್ ಇಲ್ಲದೇನೇ ಕ್ಲಾಸ್ ನಡೆಯುತ್ತೆ ಅಂದ್ಮೇಲೆ, ಈ ಪೀರಿಯಡ್‌ಗೆ ಟೀಚರ್ ಯಾಕೆ? ನೀವೇ ಹೇಳಿ."

ಹೇಳುತ್ತಿದ್ದೆ! ಏಳು ಜನ್ಮಕ್ಕೂ ಮರೆಯದ ಹಾಗೆ ಹೇಳುತ್ತಿದ್ದೆ. ಪುಣ್ಯಕ್ಕೆ ಬಾಯಿ ತುಂಬ ಪಿನ್ನು. "ಮ್" ಎಂದಷ್ಟೇ ಹೊರಗೆ ಬಂತು. ಅಕ್ಕತಂಗಿಯರಿಬ್ಬರೂ ಒಂದೇ ಹೊತ್ತಿನಲ್ಲಿ ಮೂಕರಾದದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.

ಒಳಗೆ ಓದು ಶುರುವಾಯಿತು. ಒಬ್ಬೊಬ್ಬರು ಒಂದೊಂದು ಪ್ಯಾರಾ, ಕೆಲವರು ಕುದುರೆಯ ಹಾಗೆ, ಕೆಲವರು ಮುಗ್ಗರಿಸುತ್ತಾ. ಬಿಳಿ ಬಟ್ಟೆ ಸುತ್ತಿಕೊಂಡು ನೆಲದ ಮೇಲೆ ಒತ್ತೊತ್ತಾಗಿ ಕೂತಿದ್ದರು. ಪರ್ಸೆಫೊನಿ ದಾಳಿಂಬೆ ಸೀಳಿದಳು. ಕಾಳು ಬೆರಳಿಗೆ ಅಂಟಿತು. ನಾಯಿ ಹುಡುಗಿ ಬಕೆಟ್ ಕೆಳಗಿಟ್ಟಳು. ಪುಟ ಮುಗಿಯಿತು. ಉತ್ತರ ಮುಂದಿನ ಪುಟದಲ್ಲಿತ್ತು.

"ತಿರುಗ್ಸೇ! ಬೇಗ ತಿರುಗ್ಸು!" ಎಂದು ಬೊಬ್ಬೆ ಬಿತ್ತು. ಲಾಯರ್ ಬೆರಳು ಒದ್ದೆ ಮಾಡಿಕೊಂಡಳು.

"ತಡಿ," ಎಂದಳು ಪ್ಲಾಸ್ಟರ್.

ಎಲ್ಲರೂ ಅವಳನ್ನು ನೋಡಿದರು. "ಈಗ ಓದಿದ್ರೆ ಮುಗಿದೇಹೋಗುತ್ತೆ. ಮೊದಲು ನಾವು ಹೇಳೋಣ, ನಾವಾಗಿದ್ರೆ ಏನು ಮಾಡ್ತಿದ್ವಿ ಅಂತ."

ಆ ಪುಟಕ್ಕಾಗಿಯೇ ಟೀಚರನ್ನು ಹೊರಗೆ ಹಾಕಿದ ಮಕ್ಕಳು! ಆದರೆ ಯಾರೂ ಬೇಡ ಅನ್ನಲಿಲ್ಲ. ಲಾಯರ್ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು, ಥೇಟ್ ನನ್ನ ತಂಗಿಯ ಹಾಗೆ. ನಾನು ಅತ್ತಿತ್ತ ನೋಡಿ ಮತ್ತೊಂದು ಪಿನ್ನು ಬಾಯಿಗೆ ಹಾಕಿಕೊಂಡೆ.

ವಾದ ಏರಿತು. ಯಜಮಾನನ ಅನ್ನ ತಿಂದು ದ್ರೋಹ ಮಾಡಬಾರದು ಎಂದು ಒಬ್ಬ ಅಂದರೆ, ಆ ನಾಯಿ ಹುಡುಗಿ ಅಲ್ಲಿ ತಿಂದಳು ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ ಎಂದು ಇನ್ನೊಬ್ಬ. ಪರ್ಸೆಫೊನಿ ಅತಿಥಿಯೋ ಕೈದಿಯೋ ಎಂದು ಮತ್ತೊಬ್ಬಳು. ಅತಿಥಿಯಾದರೆ ಕಾಪಾಡುವುದು ಮನೆಯವರ ಧರ್ಮ. ಹಿಂದಿನ ಬೆಂಚಿನಿಂದ ಒಮ್ಮೆಲೇ ಗುಡುಗು: "ಹೇಳಬಾರದು! ನಿಯಮ ಅಂದ್ರೆ ನಿಯಮ. ಒಬ್ಬರಿಗೆ ಸಡಿಲಿಸಿದ್ರೆ ಪಾತಾಳ ನಡೆಯೋದು ಹೇಗೆ?"

"ಸರ್, ಕೈ ಎತ್ತಿ ಮಾತಾಡಿ," ಎಂದಳು ಲಾಯರ್.

ಹೆಡ್‌ಮಾಸ್ಟರು ಕೈ ಎತ್ತಿದರು. ನಾನು ಕಣ್ಣಾರೆ ಕಂಡೆ.

ಆಗ ಪ್ಲಾಸ್ಟರ್ ಎದ್ದು ನಿಂತಳು. "ಹೇಳೋದೂ ಬೇಡ, ಸುಮ್ನಿರೋದೂ ಬೇಡ. ದಾಳಿಂಬೆನ ನಾಯಿಗೆ ಹಾಕಿಬಿಟ್ರೆ ಆಯ್ತು. ಅವಳ ಕೆಲಸವೇ ಅದು ತಾನೇ? ನಾಯಿ ಹೇಗಿದ್ರೂ ಅಲ್ಲೇ ಇರೋದು."

"ಯಾವ ಬಾಯಿಗೆ?" ಯಾರೋ ಕೇಳಿದರು.

"ಮೂರಕ್ಕೂ ಸಮ ಪಾಲು. ಅದಕ್ಕೆ ಗಣಿತ ಬೇಕು."

ನಗುವಿಗೆ ಕಿಟಕಿ ಅದುರಿತು. ಹೆಡ್‌ಮಾಸ್ಟರು ನಗಲಿಲ್ಲ, ಅವರು ಆ ಮೂರು ಬಾಯಿಗಳ ಬಗ್ಗೆ ನಿಜವಾಗಿಯೂ ಯೋಚಿಸುತ್ತಿದ್ದರು. "ಅದೆಲ್ಲ ಇರಲಿ, ಪುಸ್ತಕದಲ್ಲಿ ಏನಿದೆ? ಹೇಳಿದಳಾ ಇಲ್ವಾ? ಓದು," ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಲಾಯರ್ ಪುಸ್ತಕವನ್ನು ಎದೆಗೊತ್ತಿಕೊಂಡಳು. "ಗಂಟೆ ಆದ್ಮೇಲೆ ಓದೋ ಹಾಗಿಲ್ಲ ಸರ್."

"ನಾನು ಹೆಡ್‌ಮಾಸ್ಟರ್ ಕಣಮ್ಮ."

"ಅದಕ್ಕೇ ಸರ್. ಮುಂದಿನ ಸಲ ಚೂರಿನ ಮೇಲೆ ನಿಮ್ಮ ಹೆಸರೇ ಬರುತ್ತೆ."

ಮಕ್ಕಳು ಬಿಳಿಚಿಕೊಂಡರು. ನಾನೂ. ಹೆಡ್‌ಮಾಸ್ಟರು ಮೇಜಿನ ಬಳಿ ಹೋಗಿ, "ಗಣಿತ" ಎಂದು ಬರೆದಿದ್ದ ಚೂರನ್ನೆತ್ತಿ ಜೇಬಿಗೆ ಹಾಕಿಕೊಂಡು ವರಾಂಡಕ್ಕೆ ಹೋದರು. ನಾನು ಹಿಂದೆಯೇ ಓಡಿದೆ. ನನ್ನ ತಂಗಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ತಿಳಿಯಿತು.

"ಹೇಳಿದಳಾ ಇಲ್ವಾ?" ಎಂದು ಕೇಳಿದರು ಹೆಡ್‌ಮಾಸ್ಟರು.

ಅವಳು ತನ್ನ ತುಟಿ ತೋರಿಸಿ, ಹೇಳುವ ಹಾಗಿಲ್ಲ ಎಂದು ತಲೆಯಾಡಿಸಿದಳು. ಬಾಗಿಲಲ್ಲಿ ಗುಂಪುಗಟ್ಟಿದ್ದ ಮಕ್ಕಳು ಒಟ್ಟಿಗೆ ಕೂಗಿದರು: "ಅವರು ಮಾತಾಡೋ ಹಾಗಿಲ್ಲ ಸರ್!"

"ಸರಿ." ಅವರು ಜೇಬಿನ ಚೂರನ್ನು ಮುಟ್ಟಿ ನೋಡಿಕೊಂಡರು. "ಮುಂದಿನ ಶುಕ್ರವಾರ ಇದೇ ಪೀರಿಯಡ್‌ಗೆ ಬರ್ತೀನಿ. ನಾನು ಬರೋವರೆಗೂ ಆ ಪುಟ ತೆಗೀಬೇಡಿ." ಮೆಟ್ಟಿಲಿಳಿದು ಹೋಗುತ್ತಾ, "ಗಣಿತಕ್ಕೆ ಬೇರೆ ಹೊತ್ತು ನೋಡೋಣ," ಎಂದದ್ದೂ ಕೇಳಿಸಿತು. ಮಕ್ಕಳ ಕೂಗಿಗೆ ಪಕ್ಕದ ಕ್ಲಾಸಿನವರೆಲ್ಲ ಹೊರಗೆ ಬಂದರು.

ಸಂಜೆ ಟೀ ಮುಂದಿಟ್ಟುಕೊಂಡು ನನ್ನ ತಂಗಿ ಚೂರುಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಅವಳ ಮುಖದಲ್ಲಿ ನಗು, ಆದರೆ ಬೆರಳು ತಾನೇ ಬರೆದುಕೊಟ್ಟ ಚೂರಿನ ಮೇಲೇ ಇತ್ತು. "ಅಥೆನ್ಸ್‌ನಲ್ಲೂ ಹೀಗೇ ಆಗಿತ್ತು ಅಕ್ಕ. ಬರೆಯೋಕೆ ಬಾರದವನೊಬ್ಬ ಪಕ್ಕದಲ್ಲಿ ನಿಂತವನಿಗೆ ಚೂರು ಕೊಟ್ಟು ಒಂದು ಹೆಸರು ಬರೆಸಿದ. ಆ ಹೆಸರಿನ ಮನುಷ್ಯ ಆ ಪಕ್ಕದವನೇ. ಸುಮ್ನೆ ಬರೆದುಕೊಟ್ಟ ಅಂತ ಕಥೆ. ಇದನ್ನ ನಾನು ಮಕ್ಕಳಿಗೆ ಹೇಳೇ ಇ​ರಲಿಲ್ಲ," ಎಂದಳು.

"ಬೇಜಾರಾಯ್ತೇನೇ?"

"ಆಯ್ತು. ತುಂಬಾ ಆಯ್ತು," ಎಂದಳು. ಲೋಟ ತಿರುಗಿಸುತ್ತಾ, "ಹೊರಗೆ ಬರೀ ಗದ್ದಲ ಕೇಳಿಸ್ತಿತ್ತು. ಆಮೇಲೆ ಒಂದು ಸಲ ಎಲ್ಲರೂ ಸುಮ್ಮನಾದ್ರು. ಆಮೇಲೆ ಅಷ್ಟೊಂದು ನಗು. ಪುಸ್ತಕದ ಕೊನೆ ನಂಗೊತ್ತು, ಅದರಲ್ಲಿ ನಗೋ ಅಂಥದ್ದು ಏನೂ ಇಲ್ಲ. ಅವರು ಏನಂದ್ರು ಅಕ್ಕ?" ಎಂದಳು.

"ಹೇಳೋ ಹಾಗಿಲ್ಲ. ಆ ಲಾಯರ್ ನನ್ನ ಹತ್ರ ಆಣೆ ಹಾಕಿಸಿಕೊಂಡಿದಾಳೆ. ಮುಂದಿನ ಕ್ಲಾಸ್‌ವರೆಗೂ ಕಾಯಿ."

"ಅಕ್ಕಾ, ಸ್ವಲ್ಪ."

ಸ್ವಲ್ಪ ಹೇಳಿದರೆ ಆಣೆ ಮುರಿದ ಹಾಗಾಗುವುದಿಲ್ಲ ಎಂದುಕೊಂಡೆ. ಕುರ್ಚಿಗೆ ಒರಗಿ ಶುರು ಮಾಡಿದೆ. ಲಾಯರ್ ಪುಟ ತಿರುಗಿಸಲು ಹೊರಟದ್ದು, ತಡಿ ಎಂಬ ದನಿ ಕೇಳಿದ್ದು, ಮಕ್ಕಳೇ ಪುಸ್ತಕ ಮುಚ್ಚಿದ್ದು. ಅದನ್ನು ಕೇಳಿದಾಗ ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಅವರೇ ಮುಚ್ಚಿದ್ರಾ?" ಎಂದಳು. "ಅವರೇ," ಎಂದೆ. ಹೆಡ್‌ಮಾಸ್ಟರು ಕೈ ಎತ್ತಿದ್ದನ್ನು ಹೇಳಿದೆ. "ಆಗ ಪ್ಲಾಸ್ಟರ್ ಎದ್ದು ನಿಂತಳು. ನಿಂತು, ಹೇಳೋದೂ ಬೇಡ, ಸುಮ್ನಿರೋದೂ ಬೇಡ ಅಂದಳು..."

ಅಲ್ಲಿಗೆ ಬಂದು ನಾನು ಕಣ್ಣು ಮುಚ್ಚಿದೆ. ತಲೆಯನ್ನು ಪಕ್ಕಕ್ಕೆ ವಾಲಿಸಿ, ಅಮ್ಮನ ಹಾಗೆಯೇ ಬಾಯಿ ತುಸು ತೆರೆದು, ಗೊರಕೆಯನ್ನೂ ಹೊಡೆದೆ.

ಕುರ್ಚಿ ಸರಿದ ಸದ್ದಾಯಿತು. ನನ್ನ ಕಣ್ಣ ರೆಪ್ಪೆಯನ್ನು ಒಂದು ಬೆರಳು ಮೆಲ್ಲಗೆ ಎತ್ತಿತು, ಸೀಮೆಸುಣ್ಣದ ಪುಡಿ ಅಂಟಿದ ಬೆರಳು.

"ಆಮೇಲೆ?" ಎಂದಳು ನನ್ನ ತಂಗಿ. "ಅಕ್ಕಾ, ಆಮೇಲೆ?"